ಲಿಫ್ಟಣ್ಣ ಮೆಟ್ಟಿಲು ಹತ್ತಿದ್ದು

ಇಪ್ಪತ್ತಾರು ವರ್ಷ ಸಾವಿರಾರು ಜನರನ್ನು ಮೇಲಕ್ಕೆ ತಂದವನು ಲಿಫ್ಟಣ್ಣ; ತಾನು ಮಾತ್ರ ಸ್ಟೂಲು ಬಿಟ್ಟು ಮೇಲೆದ್ದವನಲ್ಲ. ಆರು ಮಹಡಿಯ ಹಳೆಯ ಆಫೀಸು ಕಟ್ಟಡ. ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು, ಒಂದು ಹಿತ್ತಾಳೆಯ ಹಿಡಿ, ಮೂಲೆಯಲ್ಲಿ ನಡು ಸವೆದು ಕುಳಿಬಿದ್ದ ಮರದ ಸ್ಟೂಲು. ‘ಆರು ಜನರಿಗೆ ಮಾತ್ರ’ ಎಂದು ಗೋಡೆಗೆ ಬರೆದಿತ್ತು. ಆ ಆರರಲ್ಲಿ ಅವನನ್ನು ಯಾರೂ ಎಣಿಸುತ್ತಿರಲಿಲ್ಲ. ಊಟದ ಡಬ್ಬಿ ಕೈಗಿಡುವಾಗ ಹೆಂಡತಿ, ಹೀಗೇ ಕೂತರೆ ಒಂದು ದಿನ ಸ್ಟೂಲಿನ ಜೊತೆ ನಿಮಗೂ ಬೇರು ಬಿಡುತ್ತದೆ ಎಂದು ಛೇಡಿಸುತ್ತಿದ್ದಳು.

ಅವಳು ತೀರಿಕೊಂಡು ಎಂಟು ತಿಂಗಳಾಗಿತ್ತು. ಲಿಫ್ಟಣ್ಣ ಅತ್ತಿರಲಿಲ್ಲ. ರಜೆ ಮುಗಿದ ಬೆಳಿಗ್ಗೆ ಬಂದು, ಜಾಲರಿ ಎಳೆದು, ಎಂದಿನಂತೆ ‘ಯಾವ ಮಹಡಿ?’ ಎಂದಿದ್ದ. ಅತ್ತುಬಿಡಿ, ಹಗುರಾಗುತ್ತೀರಿ ಎಂದು ಮಗಳು ಹೇಳಿದಾಗ, ಭಾರವಿದ್ದರೆ ತಾನೇ ಹಗುರಾಗುವುದು ಎಂದು ಅವನಿಗೆ ಅನಿಸಿತು. ಒಳಗೆ ಯಾರೂ ಇಲ್ಲದ ಲಿಫ್ಟಿನಂತೆ ಮೇಲೆ ಕೆಳಗೆ ಓಡಾಡುತ್ತಿದ್ದ, ಅಷ್ಟೇ.

ಒಂದು ಸಂಜೆ ಅವನು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಇನ್ನೊಂದೆಲ್ಲಿ ಎಂದು ಮಗಳು ಕೇಳಿದ ಮೇಲೆಯೇ ಅವನು ಕೆಳಗೆ ನೋಡಿಕೊಂಡಿದ್ದು. ಬಲಗಾಲಿನ ಅಡಿಯಲ್ಲಿ ಗಾಜಿನ ಚೂರು ನೆಟ್ಟು ರಕ್ತ ಒಣಗಿತ್ತು. ಅದು ಅವನಿಗೆ ತಿಳಿದೇ ಇರಲಿಲ್ಲ.

ಮಾತಿನಲ್ಲಿ ಇಲ್ಲದ ಸಿಹಿ ಅವನ ರಕ್ತದಲ್ಲಿ ಧಾರಾಳವಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಕಣ್ಣು ಮುಚ್ಚಿಸಿ, ಮೊಂಡು ಸೂಜಿಯಿಂದ ಎರಡೂ ಪಾದ ಮುಟ್ಟುತ್ತಾ ಹೋದರು. ಬಲಗಾಲು ಆಗಲೇ ಅವನ ಕೈಬಿಟ್ಟಿತ್ತು. ಎಡಗಾಲಿನಲ್ಲಿ ಹಿಮ್ಮಡಿಯೊಂದು ಮಾತ್ರ ಇನ್ನೂ ಅವನ ಪಕ್ಷದಲ್ಲಿತ್ತು.

“ಹೋಗಿದ್ದು ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ,” ಎಂದರು ಡಾಕ್ಟರಮ್ಮ. “ಇದ್ದದ್ದು ಉಳೀಬೇಕು ಅಂದ್ರೆ ಈ ಗಾಯ ಮಾಯ್ತಿದ್ದ ಹಾಗೇ ದಿನಾ ಓಡಾಡಿ. ಇಲ್ಲಾಂದ್ರೆ ಮುಂದೆ ಕಾಲು ತೆಗೆಯೋ ಮಾತು ಬರುತ್ತೆ.”

ಬೂಟಿನೊಳಗೆ ಕಲ್ಲು ಸೇರಿದರೂ ಗೊತ್ತಾಗುವುದಿಲ್ಲ, ದಿನಾ ಕೊಡವಿ ಹಾಕಿಕೊಳ್ಳಿ ಎಂದೂ ಹೇಳಿ ಕಳಿಸಿದರು. ಕಾಲ ಕೆಟ್ಟಿತು ಎಂದು ಜನ ಗೊಣಗುತ್ತಾರೆ. ಲಿಫ್ಟಣ್ಣನಿಗೆ ಕಾಲವೂ ಕೆಟ್ಟಿತ್ತು, ಕಾಲೂ ಕೆಟ್ಟಿತ್ತು. ಅವನು ಮಾತ್ರ ಗೊಣಗಲಿಲ್ಲ.

ಗಾಯ ಮಾಯ್ದ ಮೇಲೆ ಮಗಳು ತಂದುಕೊಟ್ಟ ಬೂಟು ಹಾಕಿಕೊಂಡು ನಾಲ್ಕು ಬೆಳಿಗ್ಗೆ ಪಾರ್ಕು ಸುತ್ತಿದ. ಅಲ್ಲಿ ಎಲ್ಲರೂ ಬಿರಬಿರನೆ ನಡೆದು, ಬೆವರಿ, ಹೊರಟ ಗೇಟಿಗೇ ಬಂದು ಸೇರುತ್ತಿದ್ದರು. ಒಬ್ಬರನ್ನಾದರೂ ಎಲ್ಲಿಗಾದರೂ ಮುಟ್ಟಿಸದೆ ಹೋಗಿ ಬರುವುದು ಅವನಿಗೆ ರೂಢಿಯಿರಲಿಲ್ಲ. ಐದನೆಯ ದಿನದಿಂದ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತು ಮನೆಗೆ ಹೋಗತೊಡಗಿದ. ಬೆಂಚು ಸ್ಟೂಲಿಗಿಂತ ಅಗಲವಾಗಿತ್ತು.

ಹದಿನೈದು ದಿನ ಕಳೆದ ಮೇಲೆ ಮಗಳು ಬೂಟಿನ ತಳ ತಿರುಗಿಸಿ ನೋಡಿದಳು. ಅಂಗಡಿಯಲ್ಲಿದ್ದಂತೆಯೇ ಇತ್ತು.

“ಅಪ್ಪಾ, ಅಮ್ಮನ್ನ ಒಂದೇ ಸಲ ಕಳಿಸಿಕೊಟ್ವಿ,” ಎಂದಳು. “ನಿಮ್ಮನ್ನ ತುಂಡು ತುಂಡಾಗಿ ಕಳಿಸೋದು ನನ್ನ ಕೈಲಾಗಲ್ಲ.”

“ಆಯ್ತಮ್ಮ,” ಎಂದ. ಮಾತು ಎಲ್ಲೋ ತಗಲಬೇಕಿತ್ತು, ತಗಲಲಿಲ್ಲ.

ಆ ವಾರವೇ ಲಿಫ್ಟು ಕೆಟ್ಟಿತು. ಹಳೆಯದನ್ನು ಕಿತ್ತು ಹೊಸದು ಕೂರಿಸಲು ಎರಡು ತಿಂಗಳು ಬೇಕು, ಅಲ್ಲಿಯವರೆಗೆ ಕೆಳಗಿನ ಹಜಾರದಲ್ಲಿ ಕೂತು, ಬಂದವರಿಗೆ ಲಿಫ್ಟಿಲ್ಲ ಎಂದು ಹೇಳಿದರೆ ಸಾಕು ಎಂದರು ಮ್ಯಾನೇಜರು. ಕೂರುವ ಕೆಲಸಕ್ಕೆ ಅವನಿಗಿಂತ ಅನುಭವಸ್ಥ ಯಾರು?

ಮೊದಲ ಬೆಳಿಗ್ಗೆ ನಾಲ್ಕನೆಯ ಮಹಡಿಯಲ್ಲಿ ಟೈಪಿಸ್ಟ್ ಆಗಿದ್ದ ಟೈಪಮ್ಮ ಬಂದರು. ತೂಕದ ಹೆಂಗಸು, ಮಾತೂ ತೂಕದ್ದೇ. ಅವರನ್ನು ಕಂಡದ್ದೇ ಲಿಫ್ಟಣ್ಣ ತನಗರಿವಿಲ್ಲದೆ ಎದ್ದು, ಬನ್ನಿ ಎಂದು ಮೆಟ್ಟಿಲು ಹತ್ತಿಯೇಬಿಟ್ಟ. ಮೊದಲ ಮಹಡಿ ಬಂದಾಗ ನಿಂತು, “ಒಂದನೇ ಮಹಡಿ,” ಎಂದು ಕೂಗಿ, ಬರಿಗಾಳಿಯಲ್ಲಿ ಕೈಚಾಚಿ ಜಾಲರಿ ಎಳೆದ.

“ಲಿಫ್ಟಣ್ಣ, ಇಲ್ಲಿ ಬಾಗಿಲಿಲ್ಲ,” ಎಂದರು ಟೈಪಮ್ಮ.

ಅವನು ತನ್ನ ಕೈ ನೋಡಿಕೊಂಡ. “ಗೊತ್ತು,” ಎಂದ.

“ಗೊತ್ತಿದ್ರೆ ಸರಿಯಾಗಿ ಮುಚ್ಚಿ. ಗಾಳಿ ಬರ್ತಿದೆ.”

ಅವನು ಸರಿಯಾಗಿ ಮುಚ್ಚಿದ.

ಕಟ್ಟಡಕ್ಕೆಲ್ಲ ಸುದ್ದಿ ಹಬ್ಬಿತು. ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ, ಜನ ಕೆಳಗೆ ನಿಂತು ಅವನಿಗಾಗಿ ಕಾಯತೊಡಗಿದರು. ನಿಧಾನ ಹತ್ತುವವರಿಗೆ ಅವನ ನಿಧಾನ ಒಗ್ಗುತ್ತಿತ್ತು. ಐದನೆಯ ಮಹಡಿಯ ನೋಟರಿ ಎರಡು ಕಡೆ ದಮ್ಮು ಕಟ್ಟಿ ನಿಲ್ಲುತ್ತಿದ್ದರು. ಆಗ ಅವನು, ಲಿಫ್ಟು ನಡುವೆ ಸಿಕ್ಕಿಕೊಂಡಾಗ ಹೇಳುತ್ತಿದ್ದಂತೆಯೇ, ಹೆದರಬೇಡಿ, ಈಗ ಹೊರಡುತ್ತದೆ ಎನ್ನುತ್ತಿದ್ದ. ಲಿಫ್ಟಿನ ಒಂದು ನಿಮಿಷದಲ್ಲಿ ಹವಾಮಾನದ ಮಾತು ಮುಗಿದರೆ ಹೆಚ್ಚು. ಮೆಟ್ಟಿಲಿನಲ್ಲಿ ಒಂದು ಇಡೀ ಮದುವೆ ಕುದುರಿ ಮುರಿಯುವಷ್ಟು ಹೊತ್ತಿತ್ತು. ಟೈಪಮ್ಮ ತಮ್ಮ ನಾದಿನಿಯ ಕಥೆಯನ್ನು ದಿನಕ್ಕೆ ನಾಲ್ಕು ಮಹಡಿಯಂತೆ ಹೇಳುತ್ತಿದ್ದರು. ಲಿಫ್ಟಣ್ಣ ಹೂಂಗುಟ್ಟುತ್ತಿದ್ದ. ಮುಟ್ಟಿಸಿ, ಇಳಿದು, ಮತ್ತೊಬ್ಬರ ಜೊತೆ ಹತ್ತುತ್ತಿದ್ದ. ಇದಕ್ಕೆ ವ್ಯಾಯಾಮ ಎಂದು ಯಾರೂ ಹೆಸರಿಡಲಿಲ್ಲ. ಇಟ್ಟಿದ್ದರೆ ಐದನೆಯ ದಿನ ಅವನು ಬೆಂಚು ಹುಡುಕುತ್ತಿದ್ದ. ಖುಷಿ ಎನ್ನುವಂಥದ್ದೇನೂ ಆಗಲಿಲ್ಲ. ಟೈಪಮ್ಮ ರಜೆ ಹಾಕಿದ ದಿನ ಮಾತ್ರ ಅವನು ಎರಡು ಸಲ ಗೇಟಿನ ಕಡೆ ನೋಡಿದ. ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಡಾಕ್ಟರಮ್ಮ ಸೂಜಿ ಮುಟ್ಟಿಸಿ, ಇದ್ದದ್ದು ಇದೆ ಎಂದರು. ಮಗಳು ಬೂಟಿನ ಸವೆದ ತಳ ನೋಡಿ ಅಡುಗೆಮನೆಗೆ ಹೋದಳು.

ಹೊಸ ಲಿಫ್ಟು ಬಂತು. ಹೊಳೆಯುವ ಸ್ಟೀಲು, ಸಾಲು ಗುಂಡಿಗಳು. ಬಾಗಿಲು ತಾನೇ ಮುಚ್ಚುತ್ತದೆ; ಮಹಡಿಯನ್ನೂ ಯಾವುದೋ ಹೆಣ್ಣುದನಿ ಹೇಳುತ್ತದೆ. ಹಳಬ ಎಂಬ ಮರ್ಯಾದೆಗೆ ಮ್ಯಾನೇಜರು ಅವನ ಸ್ಟೂಲನ್ನು ಒಳಗೆ ಹಾಕಿಸಿದ್ದರು. ಲಿಫ್ಟಣ್ಣ ಕೂತ. ಕುಳಿ ಅವನನ್ನು ಗುರುತು ಹಿಡಿಯಿತು. ಇಷ್ಟು ದಿನ ಹತ್ತಿದ್ದೆಲ್ಲ ಬೇರೆ ಯಾರೋ ಇರಬೇಕು ಎನಿಸುವಷ್ಟು ಸಲೀಸಾಗಿತ್ತು.

ಟೈಪಮ್ಮ ಬಂದರು. ಒಳಗೆ ಕಾಲಿಡಲಿಲ್ಲ.

“ನಿನ್ನೆ ನಾದಿನಿ ಪೆಟ್ಟಿಗೆ ಕಟ್ಟಿಕೊಂಡು ಹೊರಟಲ್ಲಿಗೆ ಕಥೆ ನಿಂತಿತ್ತು,” ಎಂದರು. “ಇದ್ರಲ್ಲಿ ಹೋದ್ರೆ ಅವಳು ಹೊಸಿಲೂ ದಾಟಲ್ಲ. ಬರ್ತೀರೋ, ಕೂತಿರ್ತೀರೋ?”

ಬಾಗಿಲು ಮುಚ್ಚತೊಡಗಿತು. ಲಿಫ್ಟಣ್ಣ ಕೈಯಡ್ಡ ಹಿಡಿದು ಹೊರಗೆ ಬಂದ.

ಒಂದನೆಯ ಮಹಡಿ ದಾಟಿ ಐದಾರು ಮೆಟ್ಟಿಲು ಹತ್ತಿರಬೇಕು, ಎಡಗಾಲ ಹಿಮ್ಮಡಿಯಲ್ಲಿ ಏನೋ ಚುಚ್ಚಿತು. ಬೆಳಿಗ್ಗೆ ಬೂಟು ಕೊಡವಲು ಮರೆತಿದ್ದ. ನಿಂತ.

“ಏನಾಯ್ತು?”

“ಕಲ್ಲು.”

“ತೆಗೀರಿ ಮತ್ತೆ.”

ಅವನು ತೆಗೆಯಲಿಲ್ಲ. ಕಂಬಿ ಹಿಡಿದು, ಹಿಮ್ಮಡಿಯ ಮೇಲೆ ಮೈಭಾರವೆಲ್ಲ ಹಾಕಿ ಒತ್ತಿದ. ಮತ್ತೊಮ್ಮೆ ಒತ್ತಿದ.

“ನೋಯ್ತಿದೆ,” ಎಂದ, ಮಹಡಿ ಕೂಗುವ ದನಿಯಲ್ಲೇ.

ಟೈಪಮ್ಮ ನಗಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿ ಕೊಡವಿದ. ಸಾಸಿವೆಯಷ್ಟು ಕಲ್ಲು ಟಿಕ್ಕೆಂದು ಕೆಳಗುರುಳಿತು. ಬೂಟಿನ ದಾರ ಬಿಗಿದು ಎದ್ದು, ಒಂದು ಮೆಟ್ಟಿಲು ಹತ್ತಿ, ತಿರುಗಿ ಕೇಳಿದ:

“ಆಮೇಲೆ ನಿಮ್ಮ ನಾದಿನಿ ಏನು ಮಾಡಿದ್ರು?”