ಹೊಲಿಗೆಯಕ್ಕ ಹುಡುಕಿದ ಮಾತ್ರೆ ಪೊಟ್ಟಣ

ನಮ್ಮ ಬೀದಿಗೆಲ್ಲ ಅವಳು ಹೊಲಿಗೆಯಕ್ಕ. ಗಂಡ ತೀರಿಕೊಂಡ ಮೇಲೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಒಬ್ಬಳೇ ಮಗಳನ್ನು ಸಾಕುತ್ತಿದ್ದಳು. "ನನ್ನ ಮಿಷನ್ನಿಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ" ಎಂದು ತಾನೇ ನಗುವ ಹೆಂಗಸು. ಮಗಳಿಗೆ ಮೂರ್ಛೆರೋಗ. ಅದರ ಮಾತ್ರೆ ಊರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ದೂರದ ದೊಡ್ಡಾಸ್ಪತ್ರೆಯಿಂದ ತಿಂಗಳಿಗೊಮ್ಮೆ ಅಂಚೆಯಲ್ಲಿ ಬರಬೇಕು.

ಆ ಸಲ ಪೊಟ್ಟಣ ಬರಲಿಲ್ಲ. ಕಳಿಸಿ ಆಗಿದೆ ಎಂದರು ಆಸ್ಪತ್ರೆಯವರು. ಅಂಚೆ ಗುಮಾಸ್ತ ಕಂಪ್ಯೂಟರಿನಿಂದ ಕಣ್ಣು ಕೀಳದೆ, "ನಮ್ಮೂರಿಗೆ ಬಂದಿದೆ ಅಂತ ತೋರಿಸ್ತಿದೆ. ಆಮೇಲೆ ಏನಾಯ್ತೋ ಗೊತ್ತಿಲ್ಲಮ್ಮಾ. ದೂರು ಕೊಟ್ಟು ಹೋಗಿ, ವಿಚಾರಣೆ ಮಾಡ್ತಾರೆ" ಎಂದ.

"ವಿಚಾರಣೆ ಮುಗಿಯೋವರೆಗೂ ಮೂರ್ಛೆ ಕಾಯುತ್ತಾ ಸ್ವಾಮಿ?"

ಅವನು ಸಾಲಿನಲ್ಲಿ ಅವಳ ಹಿಂದೆ ನಿಂತವರನ್ನು ಕರೆದ.

ಆಸ್ಪತ್ರೆಯವರು ಇನ್ನೊಂದು ಪೊಟ್ಟಣ ಕಳಿಸಿದರು. ಅದೂ ಮಾಯ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಹೊಲಿಗೆಯಕ್ಕ ಅರ್ಧರ್ಧ ಮುರಿದು ಕೊಟ್ಟಳು, ಅವೂ ಮುಗಿದವು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮಗಳು ಬಚ್ಚಲಲ್ಲೇ ಬಿದ್ದಳು. ಸೆಳೆತ ನಿಂತಿತು, ಮತ್ತೆ ಬಂತು, ಬರುತ್ತಲೇ ಇತ್ತು.

ಊರಿನ ಆಸ್ಪತ್ರೆಯಲ್ಲಿ ಮಗಳ ಪಕ್ಕ ತನ್ನ ತಂಗಿಯನ್ನು ಕೂರಿಸಿ ಹೊಲಿಗೆಯಕ್ಕ ಅಂಚೆ ಕಚೇರಿಗೆ ಓಡಿದಳು. ಹಿಂಬಾಗಿಲಿನಿಂದ ಟಪಾಲು ವಿಂಗಡಿಸುವ ಕೋಣೆಗೇ ನುಗ್ಗಿ, ಚೀಲಗಳನ್ನು ಎಳೆದೆಳೆದು ನೆಲಕ್ಕೆ ಸುರಿದಳು.

"ಏಯ್, ಇಲ್ಲಿಗೆಲ್ಲ ಬರಬಾರದು! ಪೊಲೀಸಿಗೆ ಹೇಳ್ತೀನಿ!" ಎಂದು ವಿಂಗಡಿಸುವವನು ಕೂಗಿದ.

"ಹೇಳಣ್ಣಾ, ಬೇಗ ಹೇಳು! ಅವರಾದ್ರೂ ಬರಲಿ!"

ಪೊಲೀಸರು ಬಂದು ಅವಳ ರಟ್ಟೆ ಹಿಡಿದಾಗ, ಕಸ ಗುಡಿಸುವಾಕೆ ಗೋಡೆ ಕಡೆ ಮುಖ ಮಾಡಿಕೊಂಡೇ, "ಹಿಂದಿನ ಸೈಕಲ್ ಶೆಡ್ಡಲ್ಲಿ ಒಂದ್ಸಲ ನೋಡಿ ಸಾರ್. ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ" ಎಂದಳು.

ಶೆಡ್ಡಿನಲ್ಲಿ ಸೀಳಿದ ಡಬ್ಬಗಳ ರಾಶಿ. ಮೊಬೈಲು, ಗಡಿಯಾರ ಇದ್ದವೆಲ್ಲ ಖಾಲಿ. ಮಾರಲು ಬಾರದವು ಮಾತ್ರ ಬಿದ್ದಿದ್ದವು: ಯಾರದೋ ಕನ್ನಡಕ, ಕೂಸಿನ ಸ್ವೆಟರು, ಹೊಲಿಗೆಯಕ್ಕನ ಎರಡು ಪೊಟ್ಟಣ. ಸೋರುವ ತಗಡಿನ ಕೆಳಗೆ ಮಾತ್ರೆಗಳು ನೆನೆದು ಹಿಟ್ಟಾಗಿದ್ದವು.

ಪೊಲೀಸರು ತಿರುಗಿ ನೋಡುವಷ್ಟರಲ್ಲಿ ವಿಂಗಡಿಸುವವನು ಅವಳಿಗೆ ಕೈ ಮುಗಿದ. "ಮಾತ್ರೆ ನಾನು ಮುಟ್ಟಿಲ್ಲಕ್ಕಾ..."

"ಮುಟ್ಟಿಲ್ಲ ಕಣೋ. ಎಸೆದಿದ್ದೀಯ."

ಅವನಿಗೆ ಜೈಲಾಯಿತು. ಮಗಳು ಬದುಕಿಕೊಂಡಳು, ಆದರೆ ಮಾತು ತೊದಲಾಯಿತು, ಬಲಗೈ ಹಿಡಿತ ಹೋಯಿತು. ಈಗ ಹೊಲಿಗೆಯಕ್ಕ ಒಂದು ದಿನದ ಕೆಲಸ ಬಿಟ್ಟು ಪ್ರತಿ ತಿಂಗಳೂ ಮಾತ್ರೆ ತರಲು ತಾನೇ ದೊಡ್ಡಾಸ್ಪತ್ರೆಗೆ ಹೋಗುತ್ತಾಳೆ. ಬಸ್ಸಿನಲ್ಲಿ ಯಾರಾದರೂ ಅವಳ ಮಾತ್ರೆ ಚೀಲವನ್ನು ಮೇಲಿಡಲು ಕೈ ಚಾಚಿದರೆ ಬೆಚ್ಚಿಬಿದ್ದು, ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಳ್ಳುತ್ತಾಳೆ.