ಮತ್ತಾಯಪ್ಪನವರ ಮೇಲೆ ಬಿದ್ದ ಮಾತು

ಮೂಡಲಪಾಳ್ಯದ ನಮ್ಮ ಬೀದಿಯ ಬೇಕರಿ ಮಹಡಿಗೆ ಹೊಸದಾಗಿ ಪ್ರಾರ್ಥನಾ ಮಂದಿರವೊಂದು ಬಂದಿದೆ. ಭಾನುವಾರ ಬೆಳಗ್ಗೆ ಅಲ್ಲಿಂದ ಕಂಜಿರದ ಸದ್ದು ಕೇಳಿಸಿದರೆ ನಾನು ಕಾಫಿಗೆ ಎರಡೆರಡು ಸಲ ಸಕ್ಕರೆ ಹಾಕುತ್ತೇನೆ. ವಯಸ್ಸಾಯಿತು, ಮರೆವು ಅಂತ ಮನೆಯವರು ಸುಮ್ಮನಿದ್ದಾರೆ. ನಿಮ್ಮ ಹತ್ತಿರ ಹೇಳಬಹುದು: ನನ್ನ ತೊಂದರೆ ಮರೆವಿನದಲ್ಲ.

ಐವತ್ತರ ದಶಕದಲ್ಲಿ ನಾವಿದ್ದದ್ದು ಕೆಂಗೇರಿಯಾಚೆಯ ಹಳ್ಳಿಯೊಂದರಲ್ಲಿ. ಅಲ್ಲಿಗೆ ಪೆಂತೆಕೊಸ್ತ್ ಎಂಬ ಕ್ರೈಸ್ತ ಸಭೆಯ ಉಪದೇಶಿ ಮತ್ತಾಯಪ್ಪನವರು ಹೆಂಡತಿ ಸಾರಮ್ಮ, ಮಗಳು ಮಾರ್ತಳೊಂದಿಗೆ ಬಂದು ನೆಲೆಸಿದರು. ಹುಲ್ಲು ಹೊದಿಸಿದ ಗುಡಿಸಲೇ ಅವರ ದೇವಾಲಯ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಸಮಾಧಾನ ಹುಡುಕಿಕೊಂಡು ಅಲ್ಲಿಗೆ ಹೋಗತೊಡಗಿದಳು. ಎರಡನೇ ಹಾಡಿಗೇ ನಾನು ತೂಕಡಿಸುತ್ತಿದ್ದೆ. ಅಮ್ಮ ತೊಡೆ ಚಿವುಟಿದಾಗ ನಾನು ಕಿರುಚಿದರೆ, ಪವಿತ್ರಾತ್ಮ ಇಳಿಯಿತೆಂದು ಅಕ್ಕಪಕ್ಕದವರು ಕೈ ಮೇಲೆತ್ತುತ್ತಿದ್ದರು.

ಕಾಯಿಲೆಗೆ ಪ್ರಾರ್ಥನೆಯೊಂದೇ ಮದ್ದು, ಔಷಧಿ ಮುಟ್ಟುವುದು ಅಪನಂಬಿಕೆ ಎಂದು ಮತ್ತಾಯಪ್ಪನವರು ಸಾರುತ್ತಿದ್ದರು. ಸಾರಿದಂತೆಯೇ ಬದುಕಿದರು. ಮಾರ್ತಳಿಗೆ ಜ್ವರ ಬಂದಾಗ ಮೂರು ದಿನ ಮಂಡಿಯೂರಿ ಕೂತರು. ನಾಲ್ಕನೆಯ ದಿನ ಗುಂಡಿಯನ್ನೂ ತಾವೇ ತೋಡಿದರು. ಮುಂದಿನ ಭಾನುವಾರ ಎಂದಿನಂತೆ ಉಪದೇಶ ಮಾಡಿದರು. ಎಂಥ ವಿಶ್ವಾಸ ಎಂದು ಜನ ಕೊಂಡಾಡಿದರು. ಸಾರಮ್ಮ ಮಾತ್ರ ಆಮೇಲೆ ಹಾಡಲೇ ಇಲ್ಲ.

ಮರುವರ್ಷ ನನಗೆ ಗಂಟಲಮಾರಿ ಬಂತು. ಗಂಟಲೊಳಗೆ ಬಿಳಿ ಪೊರೆ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬೆಳಕು ಹರಿಯುತ್ತಲೇ ಅಮ್ಮ ನನ್ನನ್ನು ಹೊತ್ತು ಮತ್ತಾಯಪ್ಪನವರ ಬಾಗಿಲಿಗೆ ಓಡಿದಳು. ಅವರು ತಲೆಯ ಮೇಲೆ ಕೈಯಿಡಲು ಬಂದರೆ ಹಿಂದೆ ಸರಿದಳು.

"ಪ್ರಾರ್ಥನೆ ಬೇಡ ಅಯ್ಯಾ. ಇವಳನ್ನ ಆಸ್ಪತ್ರೆಗೆ ಸೇರ್ಸಿ," ಎಂದಳು.

ಅವರು ಹೆಂಡತಿಯ ಮುಖ ನೋಡಿದರು. ಸಾರಮ್ಮ ಒಳಗಿನಿಂದ ಕಂಬಳಿ ತಂದು ನನಗೆ ಹೊದಿಸಿದರು. ಮತ್ತಾಯಪ್ಪನವರು ನನ್ನನ್ನು ಹೆಗಲಿಗೆ ಹಾಕಿಕೊಂಡು ಕೆಂಗೇರಿ ಸ್ಟೇಷನ್ನಿನವರೆಗೂ ಓಡುನಡಿಗೆಯಲ್ಲಿ ಹೋದರು, ಹಿಂದೆ ಅಮ್ಮ. ದಾರಿಯುದ್ದಕ್ಕೂ ನಾನು ಕೇಳಿದ್ದು ಅವರ ಏದುಸಿರು ಮಾತ್ರ. ರೈಲಿನಲ್ಲಿ ಪಟ್ಟಣ ತಲುಪಿ ದೊಡ್ಡಾಸ್ಪತ್ರೆಗೆ ಸೇರಿಸಿದರು. ನಾನು ಉಳಿದೆ.

ನಾನು ಮನೆಗೆ ಬಂದ ಎರಡನೇ ವಾರ ಸಭೆಯ ಹಿರಿಯರು ವಿಚಾರಣೆಗೆ ಬಂದರು. ಗುಡಿಸಲು ತುಂಬಿತ್ತು. ಪ್ರಾರ್ಥನೆಯನ್ನೇ ನಂಬಿ ಮೊಮ್ಮಗನನ್ನು ಕಳೆದುಕೊಂಡಿದ್ದ ಮುದುಕರೊಬ್ಬರು ಎದ್ದು, "ನಮ್ಮ ಹುಡುಗನಿಗೆ ಈ ದಾರಿ ಯಾಕೆ ತೋರಿಸ್ಲಿಲ್ಲ ಅಯ್ಯಾ?" ಎಂದರು.

ಆಸ್ಪತ್ರೆಯ ಮಾತೆತ್ತಿದ್ದು ಯಾರೆಂದು ಹಿರಿಯರು ಅಮ್ಮನನ್ನು ಕೇಳಿದರು. ಆಕೆಗೆ ಆ ಜನ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. "ನಾನು ಕೇಳ್ಲಿಲ್ಲ. ಅವ್ರೇ ಎತ್ಕೊಂಡ್ ಹೋದ್ರು," ಎಂದಳು.

ಮತ್ತಾಯಪ್ಪನವರು ಒಮ್ಮೆ ನಮ್ಮತ್ತ ತಿರುಗಿದರು. "ಹೌದು, ನಾನೇ," ಎಂದರು.

ಅಂದೇ ಅವರನ್ನು ಉಪದೇಶಿಯ ಕೆಲಸದಿಂದ ತೆಗೆದರು. ಆಮೇಲೆ ಅವರು ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದರು. ಒಮ್ಮೆ ದಾರಿಯಲ್ಲಿ ಎದುರಾದಾಗ ಅಮ್ಮ ಸೆರಗು ಮುಂದೆಳೆದುಕೊಂಡು ನನ್ನ ಕೈ ಜಗ್ಗಿ ನಡೆದಳು. ಕೆಲವು ವರ್ಷಕ್ಕೆ ಅವರು ಕೆಮ್ಮಿ ಕೆಮ್ಮಿ ತೀರಿಕೊಂಡರೆಂದು ಕೇಳಿದೆವು. ಮಣ್ಣಿಗೂ ಹೋಗಲಿಲ್ಲ.

ಹೋದ ವಾರ ಅಮ್ಮನನ್ನು ನೆನೆಯುವ ದಿನ. ಸಾಯುತ್ತಿದ್ದ ಮಗಳನ್ನು ಒಬ್ಬಳೇ ಹೊತ್ತು ಆಸ್ಪತ್ರೆಗೆ ಓಡಿದ ಅಜ್ಜಿಯ ಕತೆಯನ್ನು ನನ್ನ ಮಗಳು ತನ್ನ ಮಕ್ಕಳಿಗೆ ಹೇಳುತ್ತಿದ್ದಳು. ಅವಳಿಗೆ ಹಾಗೆ ಹೇಳಿಕೊಟ್ಟವಳು ನಾನೇ. ಬಡಿಸುತ್ತಿದ್ದವಳು ಕೆಳಗೆ ಕೂತೆ.

"ಒಬ್ಬಳೇ ಅಲ್ಲ ಕಣೇ," ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ.

ಆ ವಿಚಾರಣೆಯ ದಿನ ನೀನೆಲ್ಲಿದ್ದೆ ಎಂದು ಮಗಳು ಕೇಳಿದಳು.

"ಅಮ್ಮನ ಪಕ್ಕದಲ್ಲೇ ಇದ್ದೆ," ಎಂದೆ. "ಗಂಟಲು ಪೂರ್ತಿ ವಾಸಿಯಾಗಿತ್ತು."