ಹಸಿರು ಬಳೆಯ ಕುಸುಬಿ ಹೂವು

ಗಾಜಿನ ಮಣಿ ಮಾಡುವುದನ್ನು ಬೇಸಿಗೆಯಲ್ಲೇ ಕಲಿಯಬೇಕು. ಕೆಂಪಗೆ ಕಾದ ಮಣಿ ನಿಧಾನವಾಗಿ ಆರಲೆಂದು ಬೂದಿಯಲ್ಲಿ ಹೂಳುತ್ತೇವೆ. ಬೂದಿ ಸ್ವಲ್ಪ ತೇವವಿದ್ದರೂ ಮಣಿ ಟಿಕ್ ಎಂದು ಸೀಳುತ್ತದೆ. ಇದನ್ನು ಯಾರೂ ಪುಕ್ಕಟೆ ಹೇಳಿಕೊಡುವುದಿಲ್ಲ. ನಾನು ಹೇಳುತ್ತಿದ್ದೇನೆ, ನೆನಪಿಟ್ಟುಕೊಳ್ಳಿ.

ನನ್ನ ಕೈ ಪಳಗಿದ್ದು ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಬೇಸಿಗೆಯಲ್ಲಿ, ಕಮಲಾಪುರದ ತವರುಮನೆಯಲ್ಲಿ. ಮದುವೆಯಾಗಿ ವರ್ಷವಾಗಿತ್ತು. ಗಂಡನ ಮನೆ ಕಲಬುರಗಿಯ ಕೋಟೆಯ ಹತ್ತಿರ. ನಮ್ಮವರು ಸ್ಟೇಶನ್ ಬಜಾರದ ಬೇಳೆ ಅಂಗಡಿಯಲ್ಲಿ ದುಡಿಯುತ್ತಿದ್ದರು. ಶಹರದಲ್ಲಿ ಬಂದೂಕು ಹಿಡಿದ ರಜಾಕಾರರ ಓಡಾಟ ಹೆಚ್ಚಾದಾಗ ನನ್ನನ್ನು ಅವ್ವನ ಹತ್ತಿರ ಬಿಟ್ಟು ಹೋಗಿದ್ದರು. ಸಂತೆಯ ದಿನ ಮೋಟರು ಹತ್ತಿ ಬಂದು ಮುಖ ತೋರಿಸಿ ಹೋಗುತ್ತಿದ್ದರು.

ಅವ್ವ ಒಡೆದ ಬಳೆಗಳನ್ನು ಕರಗಿಸಿ, ಮಣ್ಣು ಸವರಿದ ಕಬ್ಬಿಣದ ಕಡ್ಡಿಗೆ ಸುತ್ತಿ ಮಣಿ ತೆಗೆಯುತ್ತಿದ್ದಳು. ನಾನು ಸರ ಪೋಣಿಸುತ್ತಿದ್ದೆ, ಹೊಸ ಬಳೆಗಳ ಮೇಲೆ ಹೂವು ಬರೆಯುತ್ತಿದ್ದೆ. ಹುಮನಾಬಾದ ರಸ್ತೆಯಲ್ಲಿ ಲಾರಿಯ ಸಪ್ಪಳ ಕೇಳಿದರೆ ಅವ್ವನ ಕೈ ತಿದಿಯ ಮೇಲೇ ನಿಂತುಬಿಡುತ್ತಿತ್ತು. ಗಾಳಿ ನಿಂತರೆ ಗಾಜು ಬಿರುಸಾಗುತ್ತದೆ. ಆ ಬೇಸಿಗೆಯಲ್ಲಿ ನಮ್ಮ ಬುಟ್ಟಿಯಲ್ಲಿ ಸೊಟ್ಟ ಮಣಿಗಳೇ ಹೆಚ್ಚು.

ಒಡೆದ ಬಳೆ ತರುತ್ತಿದ್ದವಳು ಬಳೆ ಮಾರುವ ಮುಸಲ್ಮಾನ ಹೆಂಗಸು, ನಾವು ಖಾಲಾ ಎನ್ನುತ್ತಿದ್ದೆವು. ಎರಡು ಗಂಟು ತರುತ್ತಿದ್ದಳು. ಮುಸುರೆ ತಿಕ್ಕುವಾಗಲೋ ಬೀಸುವಾಗಲೋ ಒಡೆದವು ಬಿಳಿ ಬಟ್ಟೆಯಲ್ಲಿ. ಗಂಡ ಸತ್ತಾಗ ಒಡೆದವು ಕರಿ ಬಟ್ಟೆಯಲ್ಲಿ. ಬಿಳಿ ಗಂಟಿನ ಗಾಜಿನಿಂದ ಹೆಣ್ಣುಮಕ್ಕಳ ಕೊರಳಿಗೆ ಮಣಿ, ಕರಿ ಗಂಟಿನದರಿಂದ ಎತ್ತಿನ ಕೊರಳಿಗೆ ಮಾತ್ರ. ಸಾವಿನ ಮನೆಯ ಬಳೆಗಳನ್ನು ಆ ಮನೆಯ ಹೆಂಗಸರು ಅಂಗಡಿಗೆ ತರುವುದಿಲ್ಲ. ಮನೆಯ ಗಂಡಸೊಬ್ಬ ಬಳೆ ಅಂಗಡಿಯಲ್ಲಿ ಇಟ್ಟು, ಮಾತಾಡದೆ ಹೋಗುತ್ತಾನೆ. ಯಾರ ಕೈಯವು ಎಂದು ಯಾರೂ ಕೇಳುವುದಿಲ್ಲ. ಆ ವರ್ಷ ಕರಿ ಗಂಟು ಬಿಳಿ ಗಂಟಿಗಿಂತ ದೊಡ್ಡದಾಗುತ್ತ ಬಂದಿತ್ತು.

ನಮ್ಮವರು ಒಂದು ಸಂತೆಗೆ ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ. ಕಾಗದ ಒಡೆದು ಓದುತ್ತಾರೆಂದು ಯಾರೂ ಬರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಖಾಲಾ ಗಂಟುಗಳನ್ನು ಇಳಿಸಿ ನೀರು ಕುಡಿಯುತ್ತ ಕೂತಿದ್ದಳು. ನಾನು ಕರಿ ಗಂಟು ಬಿಚ್ಚಿದೆ. ಮೇಲೆಯೇ ಹಸಿರು ಬಳೆಯ ಚೂರುಗಳು, ಒಂದೇ ಬಣ್ಣದವು, ಅಂಚು ಹೊಸದು. ಮೇಲೆ ಕುಸುಬಿ ಹೂವು. ಎಸಳು ಎಡಕ್ಕೆ ಬಾಗಿತ್ತು. ನಾನು ಎಡಗೈಯಲ್ಲಿ ಬರೆಯುವವಳು. ಹಾಗೆ ಬಾಗಿಸುವವರು ಬೇರೆ ಯಾರೂ ಇರಲಿಲ್ಲ. ಅವು ನನ್ನವೇ, ಗಂಡನ ಮನೆಯ ಪೆಟ್ಟಿಗೆಯಲ್ಲಿ ಬಿಟ್ಟು ಬಂದವು.

"ಯಾಕ, ಚುಚ್ಚಿತೇನು?" ಎಂದಳು ಅವ್ವ.

ತೋರಿಸಿದೆ. ಅವ್ವ ಚೂರುಗಳನ್ನು ನೋಡಿದಳು, ನನ್ನ ಮುಂಗೈ ನೋಡಿದಳು, ತೊಟ್ಟಿದ್ದ ಬಳೆಗಳ ಮೇಲೆ ತನ್ನ ಸೆರಗು ಎಳೆದಳು.

"ಖಾಲಾ, ಇವು ಯಾರು ಕೊಟ್ರು?" ಎಂದೆ.

"ಕೇಳಬಾರದು ಬೇಟಿ. ನಮ್ಮ ಧಂದೇದಾಗ ಅದು ನಡ್ಯಾಂಗಿಲ್ಲ."

ಕೆಂಪು ಮಣಿಯ ಸರವೊಂದನ್ನು ಅವಳ ಮುಂದಿಟ್ಟೆ. "ಇದು ನಿನಗ. ಹೇಳು."

"ತೌಬಾ! ಸಾವಿನ ಮಾತಿಗೂ ಸೌದಾ ಮಾಡ್ತೀಯೇನ?"

"ಮಾಡ್ತೀನಿ. ಇನ್ನೊಂದು ಸರ ತಗೋ."

ಅವಳು ಅವ್ವನ ಕಡೆ ನೋಡಿದಳು. "ನನ್ನ ತಮ್ಮನ ದುಕಾನ ಸ್ಟೇಶನ್ ಬಜಾರದಾಗ ಅದ. ಅಲ್ಲಿ ಒಬ್ಬ ಗಂಡಸು 'ಕಮಲಾಪುರದ ಗಂಟಿಗೆ ಹಾಕ್ರಿ' ಅಂತ ಇಟ್ಟು ಹೋಗ್ಯಾನಂತ. ನಾ ಅವನ ಮಾರಿ ನೋಡಿಲ್ಲ. ಖುದಾನ ಆಣಿ."

ಎದ್ದು ಹೋದಳು. ಸರಗಳನ್ನು ಮುಟ್ಟಲಿಲ್ಲ. ಉದುರಿದ ಒಂದು ಮಣಿಯನ್ನೂ ಹೆಕ್ಕದೆ ಬಿಡುವ ಹೆಂಗಸಲ್ಲ ಅವಳು. ನಾನು ಹಸಿರು ಚೂರುಗಳನ್ನು ಆರಿಸಿ ಬೇರೆ ಇಟ್ಟೆ.

ಮರುದಿನ ಬೆಳಗ್ಗೆ ಕಲಬುರಗಿಗೆ ಹೊರಟೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಹೋಗಬ್ಯಾಡ ಮಗಳ. ತಿಳೀಲಿಲ್ಲಂದ್ರ ಇನ್ನ ನಾಕ ದಿನ ಬಳಿ ತೊಟಗೊಂಡಿರ್ತಿ."

"ಹಂಗ ತೊಟ್ಟ ಬಳಿ ಕೈ ಸುಡ್ತಾವ ಯವ್ವಾ."

ಅವಳೂ ಜೊತೆಗೆ ಬಂದಳು. ಮಣಿ ಮಾರಲು ಹೊರಟವರಂತೆ ಬುಟ್ಟಿ ಹಿಡಿದುಕೊಂಡೆವು. ರಸ್ತೆಯ ತಪಾಸಣೆ ನಾಕಾದಲ್ಲಿ ಮೋಟರು ನಿಲ್ಲಿಸಿ ಗಂಡಸರನ್ನೆಲ್ಲ ಇಳಿಸಿದರು. ಬಂದೂಕಿನವನೊಬ್ಬ ನಮ್ಮ ಕಡೆ ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು ನೀಲಿ ಮಣಿಯ ಸರ ತೆಗೆದು, "ಮನ್ಯಾಗಿನ ಮಕ್ಕಳಿಗೆ ಒಯ್ರಿ ಸಾಬ್" ಎಂದೆ. ಇದನ್ನೂ ಕಲಿತುಕೊಳ್ಳಿ: ಕಸಿಯುವವನಿಗೆ ಮೊದಲೇ ಸ್ವಲ್ಪ ಕೊಟ್ಟುಬಿಡಬೇಕು, ಅವನೇ ಕೈಹಾಕಿದರೆ ಬುಟ್ಟಿ ಉಳಿಯುವುದಿಲ್ಲ. ಧೈರ್ಯದಿಂದ ಮಾಡಿದ್ದಲ್ಲ. ಎಡಗೈ ಮುಷ್ಟಿಯಲ್ಲಿದ್ದ ಬಳೆ ಚೂರು ಅಂಗೈಗೆ ಇಳಿದು ರಕ್ತ ಬಂದಿದ್ದು ಮೋಟರು ಹೊರಟ ಮೇಲೆಯೇ ಗೊತ್ತಾಯಿತು.

ಕೋಟೆ ಹತ್ತಿರದ ಮನೆಗೆ ಬೀಗ ಬಿದ್ದಿತ್ತು. ನೆರೆಯ ಬಾಗಿಲು ಬಡಿದೆವು. ಒಳಗೆ ಕೆಮ್ಮಿದ ಸದ್ದು ಬಂತು, ಬಾಗಿಲು ತೆರೆಯಲಿಲ್ಲ. ಅಲ್ಲಿಂದ ಸ್ಟೇಶನ್ ಬಜಾರದ ತನಕ ಅವ್ವ ನನ್ನ ರಟ್ಟೆ ಬಿಡಲಿಲ್ಲ.

ಬಳೆ ಅಂಗಡಿಯಲ್ಲಿ ಖಾಲಾಳ ತಮ್ಮನ ಮುಂದೆ ಮುಷ್ಟಿ ಬಿಚ್ಚಿದೆ. "ಇವು ಕೊಟ್ಟವರು ಯಾರು?"

ಅವನು ಬಳೆ ಪೆಟ್ಟಿಗೆಗಳ ಹಿಂದಕ್ಕೆ ಕತ್ತು ತಿರುಗಿಸಿದ. ಅಲ್ಲಿ ನಮ್ಮವರು ಕೂತು ಚುರುಮುರಿ ಸುಸಲಾ ತಿನ್ನುತ್ತಿದ್ದರು.

"ಬಂದ್ಯಾ? ಮುಟ್ಟಿತೇನು?" ಎಂದರು, ದೊಡ್ಡ ಕೆಲಸ ಸಾಧಿಸಿದವರಂತೆ. "ಕಾಗದ ಬರದ್ರ ಒಡೀತಾರ. ಇಡೀ ಬಳಿ ಕಳಿಸಿದ್ರ ಹಾದ್ಯಾಗ ಕಸಗೋತಾರ. ಒಡದ ಬಳಿ ಯಾವನು ನೋಡ್ತಾನ? ಅದಕ್ಕ ನಾನೇ ಒಡದು ಕಳಿಸ್ದೆ. ನಿನ್ನ ಹೂವಿನ ಗುರ್ತ ನಿನಗ ಹತ್ತತದ, ಗಂಡ ಜೀವಂತ ಅದಾನ ಅಂತ ತಿಳೀತದ, ಅಂದ್ಕೊಂಡೆ."

ಅವ್ವ ಬುಟ್ಟಿ ಕೆಳಗಿಟ್ಟಳು. "ಅಳಿಯಂದಿರ, ಹೆಂಡ್ತಿ ಬಳಿ ಒಡದು ಕಳಿಸಿದ್ರ ಗಂಡ ಜೀವಂತ ಅದಾನಂತ ಯಾವ ಊರಾಗ ತಿಳಕೋತಾರ್ರಿ?"

ಅವರ ಕೈಯ ತುತ್ತು ಅಲ್ಲೇ ನಿಂತಿತು. ಅಂಗಡಿಯವನು ಹಣೆ ಒರೆಸಿಕೊಂಡ. "ಗಂಡಸು ತಂದಾನಂದ ಮ್ಯಾಲ ನಾನೇ ಕರಿ ಅರಿವ್ಯಾಗ ಕಟ್ಟಿದೆ ಅಮ್ಮಾ. ಆಮ್ಯಾಲ ದಿನಾ ಬಂದು ಇಲ್ಲೇ ಕೂಡ್ಲಾಕತ್ತಾರ. ಪಾಪ, ಮನ್ಯಾಗ ಯಾರು ಹೋದ್ರು ಅಂತ ಕೇಳ್ಲಿಕ್ಕ ನನಗ ಬಾಯೇ ಬರಲಿಲ್ಲ."

ನಾನು ಅವರ ಮುಂಗೈ ಹಿಡಿದೆ. ನಾಡಿ ಹೊಡೆಯುತ್ತಿತ್ತು. ಬಿಡಲಾಗಲಿಲ್ಲ. ಓಣಿಯಲ್ಲಿ ಬಂದೂಕಿನವರು ಹರೆಯದ ಗಂಡಸರನ್ನು ವಿಚಾರಿಸುತ್ತಿದ್ದರಂತೆ. ಅದಕ್ಕೇ ಇವರು ಮನೆಗೆ ಬೀಗ ಹಾಕಿ, ಬೇಳೆ ಗೋದಾಮಿನ ಚೀಲಗಳ ನಡುವೆ ಮಲಗುತ್ತಿದ್ದರು. ನಮ್ಮ ಜೊತೆ ಬನ್ನಿ ಎಂದೆ.

"ನಾಕಾದಾಗ ಇಳಿಸಿದ ಗಂಡಸರು ಎಲ್ಲಾರೂ ತಿರುಗಿ ಹತ್ತಿದ್ರೇನ?" ಎಂದು ಕೇಳಿದರು.

ಎಲ್ಲರೂ ಹತ್ತಿರಲಿಲ್ಲ. ಮಧ್ಯಾಹ್ನದ ಮೋಟರಿಗೆ ಅವ್ವ ಮತ್ತು ನಾನು ಇಬ್ಬರೇ ಹೊರಟೆವು. ಅವರು ಬೀದಿಗೆ ಬಂದು ನಿಲ್ಲಲೂ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪೊಲೀಸ್ ಕಾರ್ಯಾಚರಣೆಯ ಫೌಜು ಬಂತು. ನಮ್ಮವರು ನಡೆದುಕೊಂಡೇ ಕಮಲಾಪುರಕ್ಕೆ ಬಂದರು. ಖಾಲಾ ಮಾತ್ರ ಬರಲಿಲ್ಲ; ಹೆದರುವ ಸರದಿ ಈಗ ಅವರ ಮಂದಿಯದಾಗಿತ್ತು. ರಸ್ತೆ ತೆರೆದ ಮೇಲೆ ಅವಳ ತಮ್ಮನ ಅಂಗಡಿಗೆ ಹೋದೆ. ಹಲಗೆ ಬಾಗಿಲು ಮುಚ್ಚಿತ್ತು. ಖಾಲಾ ಎಲ್ಲಿ, ಅವಳ ತಮ್ಮ ಎಲ್ಲಿ ಎಂದು ಪಕ್ಕದ ಅಂಗಡಿಯವರನ್ನು ಕೇಳಿದೆ. ಅವರು ತಕ್ಕಡಿ ಒರೆಸುತ್ತಲೇ ಇದ್ದರು. ಮತ್ತೊಮ್ಮೆ ಕೇಳಿದೆ.